ಇಸ್ತ್ರಿಯಮ್ಮನ ಸೈ

ಅಮ್ಮ ಅಮ್ಮ ಎಂದು ಕರೆಯುತ್ತಲೇ ಅವನು ಅವಳನ್ನು ಕೆಲಸದಿಂದ ತೆಗೆಯಲು ಬಂದ. ದನಿ ಎತ್ತಲಿಲ್ಲ. ಮೇಜು ಗುದ್ದಲಿಲ್ಲ. ನಗುನಗುತ್ತಾ ಬಂದ. ಹೀಗೆ ನಗುತ್ತಾ ಜನರ ಹೊಟ್ಟೆಯ ಮೇಲೆ ಹೊಡೆಯುವುದನ್ನು ಕಲಿಸುವ ದೊಡ್ಡ ದೊಡ್ಡ ಕಾಲೇಜುಗಳಿವೆಯಂತೆ. ಫೀಸು ಕಟ್ಟಿ ಕಲಿತು ಬಂದವನು ಅವನು.

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಲಾಂಡ್ರಿ. ಮೇಲೆ ಅಂತಸ್ತಿನ ಮೇಲೆ ಅಂತಸ್ತು, ಸಾಲು ಸಾಲು ಕೋಣೆಗಳು. ಅಲ್ಲಿ ಮಲಗೆದ್ದವರ ಬೆವರು, ಎಂಜಲು, ಚೆಲ್ಲಿದ ಹೆಂಡ, ಮಾಡಿಕೊಂಡ ವಾಂತಿ ಎಲ್ಲವೂ ಬೆಡ್‌ಶೀಟುಗಳಲ್ಲಿ ಸುತ್ತಿಕೊಂಡು, ಒಂದು ತಗಡಿನ ಕೊಳವೆಯಲ್ಲಿ ಜಾರಿ, ದಬಕ್ಕನೆ ಕೆಳಗೆ ಬೀಳುತ್ತಿದ್ದವು. ಕೆಳಗೆ ಹೆಂಗಸರು ಅದನ್ನು ಬಿಡಿಸಿ, ಒಗೆದು, ಹಿಂಡಿ, ಇಸ್ತ್ರಿ ಮಾಡಿ, ಮಡಿಸಿ ಮತ್ತೆ ಮೇಲೆ ಕಳಿಸುತ್ತಿದ್ದರು. ಮೇಲಿನವರು ಅದರ ಮೇಲೆ ಮಲಗಿ, ಆಹಾ ಎಷ್ಟು ಚೊಕ್ಕಟ ಎಂದು ಮತ್ತೆ ಹೊಲಸು ಮಾಡುತ್ತಿದ್ದರು.

ಇಸ್ತ್ರಿಯಮ್ಮ ಆ ನೆಲಮಾಳಿಗೆಗೆ ಹಿರಿಯಳು. ಅವಳ ಜಾಗ ದೊಡ್ಡ ರೋಲರಿನ ಮುಂದೆ. ಒಳಗೆ ಹಬೆ ತುಂಬಿಕೊಂಡು ಕಾದ ಉದ್ದನೆಯ ಉರುಳೆ ಅದು. ಒದ್ದೆ ಶೀಟಿನ ಒಂದು ತುದಿಯನ್ನು ಅವಳು, ಇನ್ನೊಂದು ತುದಿಯನ್ನು ಅವಳ ನಾದಿನಿ ಹಿಡಿದು, ಸಮನಾಗಿ ಜಗ್ಗಿ, ರೋಲರಿಗೆ ಕೊಡಬೇಕು. ಒಬ್ಬಳ ಕೈ ಸಡಿಲವಾದರೂ ಸುಕ್ಕು ಬೀಳುತ್ತದೆ. ಆ ಸುಕ್ಕು ಸುಟ್ಟು ಕಂದು ಗೆರೆಯಾಗಿ ನಿಲ್ಲುತ್ತದೆ. ಇಬ್ಬರೂ ಎದುರುಬದುರು ನಿಂತು ನಿಂತು ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿದ್ದವು. ರಾತ್ರಿ ಮಲಗಿದರೂ ಪಾದ ಧಗಧಗ ಉರಿಯುತ್ತಿತ್ತು. ಹಬೆಗೆ ಇಸ್ತ್ರಿಯಮ್ಮನ ಬೆರಳ ತುದಿಗಳು ನುಣ್ಣಗಾಗಿ, ಹೆಬ್ಬೆಟ್ಟು ಒತ್ತಿದರೆ ಗುರುತೇ ಮೂಡುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಲಾಂಡ್ರಿಯವರನ್ನೆಲ್ಲ ಮೇಲಿನ ಸಭೆಯ ಕೋಣೆಗೆ ಬರಹೇಳಿದರು. ಹಿಂದಿನ ಸಾಮಾನು ಲಿಫ್ಟಿನಲ್ಲಿ ಹೋದರು. ಮುಂದಿನ ಲಿಫ್ಟು ಅವರಂಥವರಿಗಲ್ಲ. ಕೋಣೆಯೊಳಗೆ ಒಬ್ಬ ಕೆಲಸಗಾರ ಮೆತ್ತನೆಯ ಕುರ್ಚಿಗಳ ಮೇಲೆ ಬಿಳಿ ಶೀಟು ಹೊದಿಸುತ್ತಿದ್ದ.

"ನೋಡೇ ಅತ್ತಿಗೆ, ನಮಗೂ ಮರ್ಯಾದೆ ಬಂತು," ಎಂದಳು ನಾದಿನಿ.

"ಮರ್ಯಾದೆ ಅಲ್ಲಕ್ಕ," ಎಂದ ಅವನು, ಮುಖ ತಗ್ಗಿಸಿ. "ನಿಮ್ಮ ಬಟ್ಟೆ ಒದ್ದೆ ಇರುತ್ತಲ್ಲ, ಕುರ್ಚಿ ಹಾಳಾಗುತ್ತೆ, ಹೊದಿಸು ಅಂದ್ರು."

ಬೆಳಿಗ್ಗೆ ತಾನೇ ಇಸ್ತ್ರಿಯಮ್ಮ ರೋಲರಿಗೆ ಕೊಟ್ಟ ಶೀಟುಗಳು ಅವು. ಹೆಂಗಸರು ಮೇಲೆದ್ದು ಹೋದ ಕೂಡಲೇ ಅವನ್ನು ಕೊಳವೆಗೆ ಹಾಕುತ್ತಾರೆ. ನಾಳೆ ಅವರೇ ಒಗೆಯಬೇಕು. ತಮ್ಮ ಕುಂಡೆ ಸೋಕಿದ ಬಟ್ಟೆಯನ್ನು ತಾವೇ ಶುದ್ಧಮಾಡಿ ಸಾಹೇಬರಿಗೆ ಒಪ್ಪಿಸಬೇಕು. ಹೆಂಗಸರು ಕುರ್ಚಿಯ ಅಂಚಿನಲ್ಲಿ ಕೂತರು. ನಾದಿನಿ ಮಾತ್ರ ಬೇಕೆಂದೇ ಹಿಂದಕ್ಕೆ ಒರಗಿ ಕೂತಳು.

ಆಗ ಬಂದ ಮಗರಾಯ. ಅವನು ಸಿಬ್ಬಂದಿ ವಿಭಾಗದ ಅಧಿಕಾರಿ. ಕಂಡಕಂಡವರನ್ನೆಲ್ಲ ಅಣ್ಣ, ಅಕ್ಕ ಎನ್ನುವ ಚಾಳಿ ಅವನದು. ಇಸ್ತ್ರಿಯಮ್ಮನಿಗಂತೂ ಮಾತಿಗೆ ಮುಂಚೆ ಅಮ್ಮ, ಮಾತಿನ ಕೊನೆಗೆ ಅಮ್ಮ. ಅದಕ್ಕೇ ಕೆಳಗಿನ ಹೆಂಗಸರು ಅವನಿಗೆ ಮಗರಾಯ ಎಂದು ಹೆಸರಿಟ್ಟಿದ್ದರು. ಅಮ್ಮನ ನಾದಿನಿ ಎಂಬ ಲೆಕ್ಕದಲ್ಲಿ ನಾದಿನಿಯನ್ನು ಅತ್ತೆ ಎಂದೂ ಕರೆಯುತ್ತಿದ್ದ. "ಅತ್ತೆ ಅಂದ್ರೆ ಹೆಣ್ಣು ಕೊಡಬೇಕಾಗುತ್ತೆ, ನನ್ನ ಹತ್ರ ಇರೋವೆಲ್ಲ ಗಂಡು," ಎಂದು ಅವಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದಳು.

"ನಾವೆಲ್ಲ ಒಂದೇ ಮನೆಯವರು," ಎಂದು ಶುರುಮಾಡಿದ. ಮನೆಯಲ್ಲಿ ಕಷ್ಟ ಬಂದಿದೆ ಎಂದ. ಕಷ್ಟ ಬಂದಾಗ ಹಿರಿಯರು ತ್ಯಾಗ ಮಾಡುತ್ತಾರೆ ಎಂದ. ಹಾಗೆನ್ನುವಾಗ ಅವನ ಕಣ್ಣು ಒದ್ದೆಯಾದಂತಿತ್ತು. ಕಣ್ಣೀರು ಕೂಡ ಸಂಬಳಕ್ಕೆ ದುಡಿಯುತ್ತದೆ ಎಂದು ಆವತ್ತು ಗೊತ್ತಾಯಿತು. ಕೊನೆಗೆ ವಿಷಯಕ್ಕೆ ಬಂದ. ಲಾಂಡ್ರಿ ವಿಭಾಗ ಹೆಚ್ಚುವರಿ ಎಂದು ಮೇಲಿನವರು ತೀರ್ಮಾನಿಸಿದ್ದಾರೆ. ಇನ್ನು ಮುಂದೆ ಅದನ್ನು ಗುತ್ತಿಗೆದಾರ ನಡೆಸುತ್ತಾನೆ.

"ಇನ್ಮೇಲೆ ಮೇಲಿನವರು ಶೀಟು ಹೊಲಸು ಮಾಡಲ್ವಾ ಸಾರ್?" ನಾದಿನಿ ಕೇಳಿದಳು.

"ಮಾಡ್ತಾರೆ ಅತ್ತೆ. ಅದೆಲ್ಲಿ ನಿಲ್ಲುತ್ತೆ?"

"ರೋಲರು ಎತ್ಕೊಂಡು ಹೋಗ್ತಾರಾ?"

"ಇಲ್ಲ, ಅದು ಅಲ್ಲೇ ಇರುತ್ತೆ."

"ಮತ್ತೆ ಹೆಚ್ಚಾಗಿದ್ದು ಯಾವುದು?"

"ವಿಭಾಗ ಅತ್ತೆ, ವಿಭಾಗ. ಅಂದ್ರೆ..." ಮಗರಾಯ ಒಂದು ಗುಟುಕು ನೀರು ಕುಡಿದ. "ಅಂದ್ರೆ ನೀವು."

ಹೊಲಸು ಇರುತ್ತದೆ, ಹಬೆ ಇರುತ್ತದೆ, ರೋಲರು ಇರುತ್ತದೆ. ಅದರ ಮುಂದೆ ನಿಂತು ಕಾಲು ಸವೆಸಿದವರು ಮಾತ್ರ ಹೆಚ್ಚಾಗಿಬಿಟ್ಟಿದ್ದರು. ಎಲ್ಲರಿಗೂ ಒಂದೊಂದು ಕಾಗದ ಹಂಚಿದರು. ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ಇನ್ನು ಯಾವ ಬಾಕಿಯನ್ನೂ ಕೇಳುವುದಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಸೈ ಹಾಕಿದವರನ್ನು ಗುತ್ತಿಗೆದಾರ ಮುಂದಿನ ವಾರದಿಂದ ಹೊಸಬರೆಂದು ತೆಗೆದುಕೊಳ್ಳುತ್ತಾನೆ, ಹಾಕದವರ ಬಗ್ಗೆ ತಾನು ಏನೂ ಹೇಳಲಾರೆ ಎಂದ ಮಗರಾಯ. ಆಮೇಲೆ ಇಸ್ತ್ರಿಯಮ್ಮನ ಕುರ್ಚಿಯ ಪಕ್ಕ ಮಂಡಿಯೂರಿ ಕೂತು ಪೆನ್ನು ಚಾಚಿದ.

"ಅಮ್ಮ, ಮೊದಲ ಸೈ ನಿಮ್ಮದು. ನೀವು ಹಾಕಿದ್ರೆ ಉಳಿದವರು ಕಣ್ಣುಮುಚ್ಚಿ ಹಾಕ್ತಾರೆ."

ಅದು ನಿಜ. ಅವಳು ಹಾಕಿದರೆ ಎಲ್ಲರೂ ಹಾಕುತ್ತಾರೆ. ಎಲ್ಲ ಹೆಂಗಸರೂ ಅವಳ ಕೈಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಅವಳನ್ನು ಅಮ್ಮ ಎಂದು ಎತ್ತಿ ಆಡಿಸಿದ್ದು ಇದಕ್ಕೆ. ಹಿಂಡನ್ನು ಕಸಾಯಿಖಾನೆಗೆ ಹೊಡೆಯಲು ಮುಂದೆ ಒಂದು ಹಿರಿಯ ಕುರಿ ಬೇಕಲ್ಲ.

"ಕೈ ಒದ್ದೆ ಇದೆ," ಎಂದಳು ಅವಳು. "ನಾಳೆ ನೋಡೋಣ."

ರೋಲರಿನ ಮುಂದೆ ದುಡಿಯುವವರ ಕೈ ಕಾವಿಗೆ ಒಣಗಿಯೇ ಇರುತ್ತದೆ. ಒದ್ದೆ ಇರುವುದು ತೊಳೆಯುವವರ ಕೈ. ಮಗರಾಯನಿಗೆ ಅಷ್ಟೂ ತಿಳಿದಿರಲಿಲ್ಲ. ಅಮ್ಮನ ಕೈಯನ್ನು ಅವನು ಒಮ್ಮೆಯೂ ಮುಟ್ಟಿ ನೋಡಿದವನಲ್ಲ.

ಎಲ್ಲರೂ ಕೆಳಗೆ ಬಂದರು. ನಾದಿನಿಯೇ ಬಾಯಿಬಿಟ್ಟಳು.

"ಹಾಕಿಬಿಡೋಣ ಅತ್ತಿಗೆ. ಹೊಸಬರಾದ್ರೂ ಆಗ್ಲಿ, ಹಳಬರಾದ್ರೂ ಆಗ್ಲಿ, ಹಿಡಿಯೋದು ಇದೇ ಶೀಟು ತಾನೇ? ಬಾಡಿಗೆ ಕಟ್ಟಬೇಕು. ಮನೇಲಿ ಮೂರು ಹೊತ್ತೂ ಬಾಯಿ ತೆಗೆದುಕೊಂಡು ಕೂತಿದ್ದಾವೆ."

"ನಿನ್ನ ತಗೋತಾರೆ ಅಂತ ಯಾರು ಹೇಳಿದ್ರು ತಾಯಿ?" ಎಂದ ಬಾಯ್ಲರಣ್ಣ. ಗೋಡೆಯಾಚೆ ಬಾಯ್ಲರು ನೋಡಿಕೊಳ್ಳುವವನು ಅವನು, ಯಾವಾಗಲೂ ಬಾಗಿಲ ಚೌಕಟ್ಟಿಗೆ ಒರಗಿಯೇ ಮಾತಾಡುವವನು. "ಗುತ್ತಿಗೆದಾರನ ಕಡೆಯವನು ಬೆಳಿಗ್ಗೆ ಬಂದಿದ್ದ. ನಿಮ್ಮೆಲ್ಲರ ವಯಸ್ಸು ಕೇಳಿಕೊಂಡು ಹೋದ. ನಿಮ್ಮ ವಯಸ್ಸು ಕೇಳಿ ಮದುವೆ ಮಾಡಿಸ್ತಾನಾ?"

ನಗು ಬರಬೇಕಾದ ಮಾತು. ಯಾರಿಗೂ ಬರಲಿಲ್ಲ.

ಅವನು ತನ್ನ ಕಥೆ ಹೇಳಿದ. ಹಿಂದೆ ನೂಲಿನ ಗಿರಣಿಯಲ್ಲಿದ್ದನಂತೆ. ಅಲ್ಲೂ ಹೀಗೇ ಸಭೆ, ಹೀಗೇ ಕಾಗದ. ಸೈ ಹಾಕಿದವರಿಗೆಲ್ಲ ಗಿರಣಿಯವರು ಒಂದೊಂದು ಕೊಡೆ ಕೊಟ್ಟರು. "ಆಮೇಲೆ ಕಾರ್ಮಿಕ ಇಲಾಖೆಗೆ ಹೋದ್ವಿ. ನೀವೇ ಇಷ್ಟಪಟ್ಟು ಬಿಟ್ಟಿದ್ದೀರಲ್ಲಪ್ಪ, ನಾವೇನು ಮಾಡೋಕಾಗುತ್ತೆ ಅಂದ್ರು. ನನ್ನಂಥ ದಡ್ಡ ಶಿಖಾಮಣಿ ಇನ್ನೊಬ್ಬ ಇಲ್ಲ. ಇಡೀ ಆಯಸ್ಸನ್ನ ಒಂದು ಕೊಡೆಗೆ ಮಾರಿಕೊಂಡೆ. ಅದೂ ಮೊದಲನೇ ಗಾಳಿಗೇ ತಿರುಗುಮುರುಗಾಯ್ತು." ಅವನು ನೆಲಕ್ಕೆ ಉಗಿದ. "ಅವರು ತೆಗೀತಿದ್ದಾರೆ ತಾನೇ? ತೆಗೀಲಿ. ತೆಗೆಯೋಕೂ ಒಂದು ಕ್ರಮ ಇದೆ. ಮುಂಚಿತವಾಗಿ ನೋಟೀಸು ಕೊಡಬೇಕು. ದುಡಿದ ವರ್ಷಕ್ಕೆ ತಕ್ಕ ಪರಿಹಾರ ಕೊಡಬೇಕು. ತಗೊಳ್ಳದ ರಜೆಗೆ ಕೊಡಬೇಕು. ಅದನ್ನೆಲ್ಲ ನುಂಗಿಹಾಕೋಕೇ ನಿಮ್ಮ ಕೈಯಿಂದಲೇ ನಿಮ್ಮ ಕತ್ತು ಕುಯ್ಸೋದು."

ತಗೊಳ್ಳದ ರಜೆ ಎಂದಾಗ ಇಸ್ತ್ರಿಯಮ್ಮ ತಲೆಯೆತ್ತಿ ನೋಡಿದಳು. ಅವಳು ರಜೆ ಹಾಕಿದವಳೇ ಅಲ್ಲ. ಗಂಡ ಸತ್ತು ಮನೆಯಲ್ಲಿ ಅಳು ನಿಂತಿರಲಿಲ್ಲ, ಮಗರಾಯ ಕಾರು ತೆಗೆದುಕೊಂಡು ಬಾಗಿಲಿಗೆ ಬಂದಿದ್ದ. ಅಮ್ಮ, ಯಾರೋ ದೊಡ್ಡವರ ಮದುವೆ ಇದೆ, ಅಷ್ಟೂ ಕೋಣೆ ತುಂಬಿದೆ, ನೀವಿಲ್ಲದೆ ಆಗಲ್ಲಮ್ಮ ಎಂದಿದ್ದ. ಅವಳು ಕಣ್ಣೊರೆಸಿಕೊಂಡು ಎದ್ದು ಹೋಗಿದ್ದಳು. ಗಂಡನ ಬಟ್ಟೆಗಳನ್ನು ಇನ್ನೂ ಮಡಿಸಿಟ್ಟಿರಲಿಲ್ಲ, ಯಾರದೋ ಮದುವೆಯ ಶೀಟು ಮಡಿಸಿದಳು. ಅಷ್ಟಾದರೂ ಅವಳಿಗೆ ಹೆಮ್ಮೆಯೇ. ನನ್ನನ್ನು ಕರೆಯಲು ಕಾರು ಬಂತು ಎಂದು ಓಣಿಯವರಿಗೆ ಹೇಳಿಕೊಂಡಿದ್ದಳು.

ಇನ್ನೊಂದು ಸಲ ರೋಲರು ಅವಳ ತೋಳು ಹಿಡಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಲಿದು ಬಂತು. ಕೈ ಸಿಕ್ಕಿಕೊಳ್ಳದಂತೆ ಆ ರೋಲರಿಗಿದ್ದ ತಡೆಪಟ್ಟಿ ಮುರಿದು ಹೋಗಿ ಎಷ್ಟೋ ಕಾಲವಾಗಿತ್ತು, ಹೇಳಿ ಹೇಳಿ ಸಾಕಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ಎಲ್ಲಿ ಸುಟ್ಟಿದ್ದು ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮುಂಚೆ ಪಕ್ಕದಲ್ಲಿದ್ದ ಮಗರಾಯ, ಮನೆಯಲ್ಲಿ ಸುಟ್ಟಿದ್ದು ಡಾಕ್ಟರೇ ಎಂದ. ಡಾಕ್ಟರು ಅವಳ ಮುಖ ನೋಡಿದರು. ಅವಳು ಹೂಂ ಎಂದಳು. ವಾಪಸು ಬರುವಾಗ ಮಗರಾಯ ಅವಳ ಭುಜ ತಟ್ಟಿ, "ನಾನೇನು ಸುಳ್ಳು ಹೇಳಿದ್ನಾ ಅಮ್ಮ? ಇದು ನಿಮ್ಮ ಮನೆ ತಾನೇ?" ಎಂದಿದ್ದ. ಅದನ್ನು ಕೇಳಿ ಅವಳು ಉಬ್ಬಿಹೋಗಿದ್ದಳು. ಸುಟ್ಟ ತೋಳು ಇಟ್ಟುಕೊಂಡು ಉಬ್ಬಿಹೋಗಿದ್ದಳು! ಕೆಲಸದಲ್ಲಿ ಆದ ಗಾಯ ಎಂದಿದ್ದರೆ ಹೋಟೆಲಿನವರು ಚಿಕಿತ್ಸೆಗೆ, ಸುಟ್ಟ ತೋಳಿಗೆ ದುಡ್ಡು ಕೊಡಬೇಕಾಗಿತ್ತು. ಮನೆಯಲ್ಲಿ ಎಂದದ್ದರಿಂದ ಮುಲಾಮನ್ನು ಅವಳೇ ಕೊಂಡಳು.

ಈಗ ಎಲ್ಲ ಬಿಡಿಸಿಟ್ಟಂತೆ ಅರ್ಥವಾಯಿತು. ಮಗರಾಯನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಹೇಸಿಗೆ ದೊಡ್ಡದಾಗಿತ್ತು. ಎರಡಕ್ಷರದ ಒಂದು ಮಾತಿಗೆ, ಥೂ, ಎಷ್ಟು ಸೋವಿಯಾಗಿ ಸಿಕ್ಕಿಬಿಟ್ಟೆ.

ಮರುದಿನ ಮಗರಾಯ ತಾನೇ ನೆಲಮಾಳಿಗೆಗೆ ಇಳಿದು ಬಂದ. ಕೈಯಲ್ಲಿ ಕಾಗದದ ಕಟ್ಟು. ಹಬೆಗೆ ಮುಖ ಕಿವುಚಿದರೂ ನಗು ಮಾತ್ರ ಜಾರಿಬೀಳದಂತೆ ಹಿಡಿದುಕೊಂಡಿದ್ದ.

"ಅಮ್ಮ, ಕೈ ಒಣಗಿತಾ?"

ಇಸ್ತ್ರಿಯಮ್ಮ ರೋಲರು ನಿಲ್ಲಿಸಲಿಲ್ಲ.

"ಮೇಲಿನವರು ನನ್ನ ತಲೆ ತಿಂತಾ ಇದ್ದಾರಮ್ಮ. ನಿಮ್ಮ ಮಗ ಕೇಳ್ತಿದ್ದಾನೆ ಅಂದ್ಕೊಳ್ಳಿ. ಮಗನಿಗೋಸ್ಕರ ಒಂದೇ ಒಂದು ಸೈ."

ಅವಳು ನಾದಿನಿಯ ಕಡೆ ನೋಡಿದಳು. "ನೀನು ಸ್ವಲ್ಪ ಆಚೆ ನಿಲ್ಲು. ಬಾರಪ್ಪ ಮಗನೇ, ಆ ತುದಿ ಹಿಡಿ."

"ಏನಮ್ಮ ತಮಾಷೆ."

"ತಮಾಷೆ ಯಾಕೆ? ಅಮ್ಮನ ತೋಳು ನೋಯ್ತಿದೆ. ಮಗ ಅಂದಮೇಲೆ ಹಿಡೀಬೇಕಲ್ಲ."

ತೊಳೆಯುವವರು, ಮಡಿಸುವವರು ಎಲ್ಲರೂ ಕೈಕೆಲಸ ಬಿಟ್ಟು ನೋಡುತ್ತಿದ್ದರು. ಬಾಯ್ಲರಣ್ಣ ಚೌಕಟ್ಟಿಗೆ ಬಂದು ಒರಗಿದ. ಮಗರಾಯನಿಗೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ. ಕಾಗದದ ಕಟ್ಟನ್ನು ಮಡಿಸುವ ಮೇಜಿನ ಮೇಲಿಟ್ಟು, ಅಂಗಿಯ ತೋಳು ಮೇಲೆ ಸರಿಸಿ, ಶೀಟಿನ ತುದಿ ಹಿಡಿದ. ಒದ್ದೆ ಶೀಟಿನ ಭಾರಕ್ಕೆ ಅವನ ಭುಜ ಒಂದು ಕಡೆ ವಾಲಿತು. ಹಬೆ ಭುಸ್ಸೆಂದು ಮುಖಕ್ಕೆ ಹೊಡೆದು ಕನ್ನಡಕ ಮಂಜಾಯಿತು.

"ಬಿಗಿ ಹಿಡಿ," ಎಂದಳು ಇಸ್ತ್ರಿಯಮ್ಮ. "ಇನ್ನೂ ಬಿಗಿ. ಊಟ ಮಾಡಿಲ್ವಾ?"

ಮೊದಲ ಶೀಟು ಸೊಟ್ಟಗೆ ಹೋಯಿತು. ಎರಡನೆಯದು ಹೋಗುತ್ತಿರುವಾಗ ಅವನ ಬೆರಳು ರೋಲರಿಗೆ ಸೋಕಿತು. ಅಮ್ಮಾ ಎಂದು ಚೀರಿ ಕೈಬಿಟ್ಟ. ಅವನು ಬಾಯ್ತುಂಬಾ, ನಿಜವಾಗಿ ಅಮ್ಮಾ ಎಂದದ್ದು ಅದೊಂದೇ ಸಲವಿರಬೇಕು. ಶೀಟು ಸುರುಳಿ ಸುತ್ತಿಕೊಂಡು ಸುಟ್ಟ ವಾಸನೆ ಬಂತು.

"ಅಯ್ಯಯ್ಯೋ, ನಮ್ಮ ಅಳಿಯದೇವರು ಸುಟ್ಟುಕೊಂಡ್ರು!" ನಾದಿನಿ ಎದೆ ಬಡಿದುಕೊಂಡಳು. "ಡಾಕ್ಟರು ಕೇಳಿದ್ರೆ ಮನೇಲಿ ಸುಟ್ಟಿದ್ದು ಅನ್ನಪ್ಪ, ಮರೀಬೇಡ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ನಗು ಮಗರಾಯನಿಗೆ ರೋಲರಿಗಿಂತ ಹೆಚ್ಚು ಚುರುಕು ಮುಟ್ಟಿಸಿತು. ಮಂಜಾದ ಕನ್ನಡಕ ಕಿತ್ತು ಕೈಯಲ್ಲಿ ಹಿಡಿದ. ಇಷ್ಟು ವರ್ಷದ 'ನೀವು' ಒಂದೇ ಏಟಿಗೆ ಉದುರಿಹೋಯಿತು.

"ಏಯ್ ಮುದುಕಿ! ಏನಂದ್ಕೊಂಡಿದ್ದೀಯ ನೀನು? ನನ್ನ ಕೈಲಿ ಬಟ್ಟೆ ಎಳೆಸ್ತೀಯಾ? ಏನೋ ಪಾಪ ಅಂತ ಅಮ್ಮ ಗಿಮ್ಮ ಅಂದ್ರೆ ತಲೆ ಮೇಲೆ ಹತ್ತಿ ಕೂತ್ಕೋತೀಯಾ? ಯಾರೇ ನೀನು ಇಲ್ಲಿ? ನೌಕರಳು! ಬರೀ ಒಬ್ಬ ನೌಕರಳು ನೀನು, ತಿಳ್ಕೋ!"

ಇಸ್ತ್ರಿಯಮ್ಮ ಕೈಚಾಚಿ ರೋಲರು ನಿಲ್ಲಿಸಿದಳು. ಆ ಸದ್ದು ನಿಂತಮೇಲೆ ನೆಲಮಾಳಿಗೆಯಲ್ಲಿ ನೀರು ತೊಟ್ಟಿಕ್ಕುವುದೂ ಕೇಳಿಸಿತು.

"ಹಾಂ," ಎಂದಳು. "ಈಗ ಸರಿಯಾಗಿ ಕರೆದೆ. ಇನ್ನೊಂದು ಸಲ ಹೇಳು, ಎಲ್ಲರಿಗೂ ಕೇಳ್ಲಿ."

ಅವನು ಕನ್ನಡಕ ಒರೆಸತೊಡಗಿದ.

"ಹೇಳಲ್ವಾ? ನಾನೇ ಹೇಳ್ತೀನಿ ಬಿಡು. ನೌಕರಳು. ಅಮ್ಮನ್ನ ಮನೆಯಿಂದ ಓಡಿಸೋಕೆ ಬರೀ ಬಾಯಿಮಾತು ಸಾಕು. ನೌಕರಳನ್ನ ಓಡಿಸೋಕೆ ನೋಟೀಸು ಬೇಕು. ನೌಕರಳಿಗೆ ಪರಿಹಾರ ಇದೆ, ರಜೆ ಇದೆ, ದುಡಿದ ವರ್ಷ ಇದೆ. ಅಮ್ಮನಿಗೆ ಏನಿದೆಯೋ? ನಿನ್ನ ಪೆನ್ನು. ತಗೊಂಡು ಹೋಗು ಅದನ್ನ."

"ನೋಡು..."

"ನಾನು ಬಿಡ್ತಾ ಇಲ್ಲ. ನೀವು ತೆಗೀತಿದ್ದೀರಿ. ನಾವೇ ತೆಗೆದ್ವಿ ಅಂತ ಬರೆದು ತಗೊಂಡು ಬಾ, ಓದಿಸಿಕೊಂಡು ಈಸ್ಕೋತೀನಿ. ನನ್ನಿಷ್ಟ ಅಂತೆ, ನನ್ನಿಷ್ಟ! ನನ್ನಿಷ್ಟ ಏನು ಅಂತ ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೇಳಿದ್ರೇನೋ?"

ಅವಳಿಗೆ ಸಿಟ್ಟಿಗೇ ಅಳು ಬಂತು. ಅವನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ, ಸುತ್ತಿಕೊಂಡ ಶೀಟನ್ನು ರೋಲರಿನಿಂದ ಬಿಡಿಸತೊಡಗಿದಳು.

ನಾದಿನಿ ಮೇಜಿನ ಮೇಲಿದ್ದ ಕಾಗದದ ಕಟ್ಟನ್ನು ಎತ್ತಿಕೊಂಡಳು. ಬೇಡ ಎಂದು ಮಗರಾಯ ಕೈ ಚಾಚುವಷ್ಟರಲ್ಲಿ ಅದನ್ನು ಶೀಟು ಮಡಿಸಿದಂತೆ ಮೂಲೆಗೆ ಮೂಲೆ ಸೇರಿಸಿ ಮಡಿಸಿ, ಕೊಳವೆಯ ಕೆಳಗಿನ ಕೊಳಕು ಬಟ್ಟೆಯ ಗಾಡಿಗೆ ಎಸೆದಳು. "ಮೇಲಿಂದ ಬಂದ ಹೊಲಸನ್ನೆಲ್ಲ ನಾವು ಹಾಕೋದು ಅಲ್ಲೇ," ಎಂದಳು. ವಾಂತಿ ಹಿಡಿದ ಶೀಟುಗಳ ನಡುವೆ ಕೈ ಹಾಕಿ ಅದನ್ನು ಹುಡುಕುವ ಧೈರ್ಯ ಮಗರಾಯನಿಗೆ ಆಗಲಿಲ್ಲ. ಮೂಗು ಮುಚ್ಚಿಕೊಂಡು ಮೇಲೆ ಹೋದ.

ಮುಂದಿನ ವಾರ ಹಿಂದಿನ ಗೇಟಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ಗುತ್ತಿಗೆದಾರನ ಹೊಸ ಹುಡುಗಿಯರು ವ್ಯಾನಿನಲ್ಲಿ ಬಂದು ಇಳಿದರು. ಎಳೆಯ ಕೈಗಳು, ಇನ್ನೂ ಗೆರೆ ಅಳಿಯದ ಬೆರಳುಗಳು. ಕಾವಲುಗಾರ ಇಸ್ತ್ರಿಯಮ್ಮನ ಮುಖ ನೋಡಲಾರದೆ ಬೇರೆಲ್ಲೋ ನೋಡುತ್ತಾ, "ಮೇಲಿನವರ ಆರ್ಡರ್ರು," ಎಂದ. ಹೆಂಗಸರು ಎದುರಿನ ಗೋಡೆಯ ಬುಡದಲ್ಲಿ ಕೂತರು. ಲಾಂಡ್ರಿಯ ಹಬೆ ಹೊರಗೆ ಬರುವ ಕಿಂಡಿ ಅಲ್ಲೇ ಇತ್ತು, ಒಳಗಿದ್ದಾಗ ತಿಂದ ಸೋಪಿನ ಗಾಳಿಯನ್ನೇ ಹೊರಗೂ ತಿಂದರು. ಕೆಲವರು ತಡೆಯಲಾರದೆ ಸದ್ದಿಲ್ಲದೆ ಹೋಗಿ ಸೈ ಹಾಕಿ ಬಂದರು. ಅವರನ್ನು ಯಾರೂ ಬಯ್ಯಲಿಲ್ಲ. ಬಯ್ಯಬೇಕಾದವರು ಮೇಲಿನ ಅಂತಸ್ತಿನಲ್ಲಿ ಗಾಜಿನ ಹಿಂದೆ ಕಾಫಿ ಕುಡಿಯುತ್ತಿದ್ದರು.

ನಾದಿನಿ ಹೋಗಲಿಲ್ಲ. "ಬಾಡಿಗೆಗೆ ಏನು ಮಾಡ್ತೀಯೇ?" ಎಂದು ಇಸ್ತ್ರಿಯಮ್ಮ ಕೇಳಿದರೆ, "ಮನೆ ಮಾಲೀಕನಿಗೂ ನನ್ನನ್ನ ಅಕ್ಕ ಅನ್ನೋ ಚಾಳಿ ಇದೆ, ತಮ್ಮ ಅಂತ ತಿಳ್ಕೊಂಡು ಸ್ವಲ್ಪ ದಿನ ಸತಾಯಿಸ್ತೀನಿ," ಎಂದಳು.

ಬಾಯ್ಲರಣ್ಣನನ್ನು ಮುಂದೆ ಮಾಡಿಕೊಂಡು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಅಲ್ಲಿಯವರು ಅಲೆದಾಡಿಸಿದರು. ಇವತ್ತು ಬನ್ನಿ, ನಾಳೆ ಬನ್ನಿ, ಸಾಹೇಬರು ಇಲ್ಲ, ಹೋಟೆಲಿನವರು ಸಮಯ ಕೇಳಿದ್ದಾರೆ. ಇಸ್ತ್ರಿಯಮ್ಮ ಉಬ್ಬಿದ ಕಾಲೆಳೆದುಕೊಂಡು ಪ್ರತಿ ಸಲವೂ ಹೋದಳು. ಅಲ್ಲಿನ ಬೆಂಚಿನ ಮೇಲೆ ಕೂತಾಗ ಯಾರೂ ಅವಳ ಕೆಳಗೆ ಬಟ್ಟೆ ಹಾಸಲಿಲ್ಲ, ಅದೇ ದೊಡ್ಡ ಮರ್ಯಾದೆ ಅನ್ನಿಸಿತು.

ಕೊನೆಗೊಂದು ದಿನ ವಿಚಾರಣೆಗೆ ಕರೆದರು. ಮೇಜಿನ ಹಿಂದೆ ಅಧಿಕಾರಿಣಿ. ಒಂದು ಕಡೆ ಇಸ್ತ್ರಿಯಮ್ಮ, ನಾದಿನಿ, ಬಾಯ್ಲರಣ್ಣ. ಇನ್ನೊಂದು ಕಡೆ ಹೋಟೆಲಿನ ವಕೀಲ, ಅವನ ಪಕ್ಕ ಮಗರಾಯ. ನಾವು ಇವರನ್ನು ತೆಗೆದೇ ಇಲ್ಲ, ಇವರೇ ಮುನಿಸಿಕೊಂಡು ಬರುವುದು ಬಿಟ್ಟರು ಎಂದು ವಕೀಲ ವಾದ ಹೂಡಿದ. ಅವನು ಮುಗಿಸುವುದನ್ನೇ ಕಾಯುತ್ತಿದ್ದ ಮಗರಾಯ ಎದ್ದು ನಿಂತ. ಬೆರಳಿಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ. ಒಂದು ಬೆರಳಿಗೆ ಅಷ್ಟು ದೊಡ್ಡ ಪಟ್ಟಿ.

"ಮೇಡಂ, ಇವರನ್ನ ನಾನು ಯಾವತ್ತೂ ಕೆಲಸದವರು ಅಂತ ನೋಡಿಲ್ಲ," ಎಂದ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಅಮ್ಮ ಅಂತಲೇ ಕರೆದೋನು ನಾನು. ಅಮ್ಮ, ನಮ್ಮ ನಮ್ಮಲ್ಲಿ ಏನೇ ಇರ್ಲಿ, ಮನೆ ವಿಷಯ ಹೀಗೆ ಬೀದಿಗೆ ತರೋದಾ? ನೀವು ಒಂದು ಮಾತು ಹೇಳಿ ಅಮ್ಮ, ಎಲ್ಲ ಮುಗಿಸಿಬಿಡೋಣ."

ಉದುರಿಹೋಗಿದ್ದ 'ನೀವು' ಮತ್ತೆ ಬಂದಿತ್ತು. ನಾಚಿಕೆಯಿಲ್ಲದ ಮಾತಿಗೆ ಹೋಗುವುದೂ ಗೊತ್ತು, ಬರುವುದೂ ಗೊತ್ತು.

ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದರು.

"ಒಂದ್ನಿಮಿಷ. ಅಮ್ಮ ಅಂತಿದ್ದಾರೆ, ಮನೆ ಅಂತಿದ್ದಾರೆ. ನೀವು ಸಂಬಂಧಿಕರಾ?" ಎಂದು ಇಸ್ತ್ರಿಯಮ್ಮನನ್ನು ಕೇಳಿದರು. "ಇವರು ನಿಮಗೆ ಏನಾಗಬೇಕು?"

ಇಸ್ತ್ರಿಯಮ್ಮ ಮೇಜು ಹಿಡಿದುಕೊಂಡು ಎದ್ದು ನಿಂತಳು.

"ಏನೂ ಆಗಬೇಕಾಗಿಲ್ಲ ಮೇಡಂ," ಎಂದಳು. "ಕೊಡಬೇಕಾಗಿದೆ."